ಬೋರ್ಡಿನಲ್ಲಿಲ್ಲದ ಸೋಪ್ ಶಾಸ್ತ್ರಿಗಳು

ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಮಹಾಲಕ್ಷ್ಮಿ ಆದ್ಮೇಲೆ, ಯಶವಂತಪುರಕ್ಕೆ ಮುಂಚೆ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ಒಂದು ಸ್ಟೇಷನ್ ಬರುತ್ತೆ. ರಸ್ತೆ ಮೇಲೆ ಕಂಬಗಳಲ್ಲಿ ನಿಂತಿರೋ ಸ್ಟೇಷನ್, 2014ರ ಮಾರ್ಚ್‌ನಲ್ಲಿ ಶುರುವಾದದ್ದು. ಕೆಲವು ದಿನ ಬಾಗಿಲು ತೆರೆದ ಕೂಡಲೇ ಗಂಧದ ಪರಿಮಳ ಒಳಗೇ ಬರುತ್ತೆ. ಮೂರು ಸ್ಟೇಷನ್ ಹಿಂದೆ ಕುವೆಂಪು ರಸ್ತೆ, ಅಲ್ಲಿ ಬೋರ್ಡಿನಲ್ಲಿ ಕವಿ ಇದ್ದಾರೆ. ಇಲ್ಲಿ ಸೋಪಿದೆ, ಫ್ಯಾಕ್ಟರಿ ಇದೆ, ಆ ಸೋಪನ್ನು ರೂಪಿಸಿದವರ ಹೆಸರಿಲ್ಲ.

ಅವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಕರೆದದ್ದು ಸೋಪ್ ಶಾಸ್ತ್ರಿ ಅಂತ.

ಮೈಸೂರು ಸೀಮೆಯ ಗಂಧದ ಮರ ಆಗೆಲ್ಲ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಎಣ್ಣೆ ಇಲ್ಲೇ ತೆಗೆಯೋಕೆ ಶುರುಮಾಡಿದರು. ಎಣ್ಣೆ ಆಯ್ತು, ಸೋಪ್ ಯಾಕಾಗಬಾರದು ಅನ್ನೋ ಯೋಚನೆ ಬಂದಾಗ, ರಸಾಯನಶಾಸ್ತ್ರ ಓದಿದ್ದ ಶಾಸ್ತ್ರಿಗಳನ್ನು ಸೋಪಿನ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದರು.

ಅವರು ಕಲಿತು ವಾಪಸ್ ಬಂದರು. ನಮ್ಮ ಕ್ಲಾಸಲ್ಲಿ ಅರ್ಧ ಜನ ಈಗಲೇ ಜಿಆರ್‌ಇ ಪುಸ್ತಕ ಹಿಡ್ಕೊಂಡಿದ್ದಾರೆ, ಇದನ್ನ ಬರೀತಿರೋ ನಮ್ಮಲ್ಲೂ ಇಬ್ಬರು. ಹಾಗಾಗಿ ಈ ಒಂದು ಸಾಲು ನಮಗೆ ಸ್ವಲ್ಪ ಚುಚ್ಚುತ್ತೆ.

1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪ್ ಮಾರುಕಟ್ಟೆಗೆ ಬಂತು. ಎಣ್ಣೆಗೆ ಕ್ಷಾರ ಸೇರಿಸಿದರೆ ಸೋಪಾಗುತ್ತೆ ಅಂತ ನಾವೂ ಲ್ಯಾಬ್ ರೆಕಾರ್ಡಲ್ಲಿ ನೀಟಾಗಿ ಬರೆದು ಸಹಿ ಹಾಕಿಸಿದ್ದೀವಿ. ಶಾಸ್ತ್ರಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಆಗಿನ ಸೋಪುಗಳು ಉದ್ದನೆಯ ಚೌಕದ ಬಾರುಗಳು, ಇವರು ಕೈಗೆ ಕೂರೋ ಹಾಗೆ ಮೊಟ್ಟೆಯಾಕಾರ ಮಾಡಿಸಿದರು. ಡಬ್ಬಿ ಒಡವೆ ಪೆಟ್ಟಿಗೆಯ ಥರ ಇರಲಿ ಅಂದುಕೊಂಡರು. ಗುರುತಿಗೆ ಸಿಂಹದ ಮೈ, ಆನೆಯ ಸೊಂಡಿಲಿನ ಶರಭ. ಈಗಿನವರು ಪ್ರಾಡಕ್ಟ್ ಡಿಸೈನ್, ಬ್ರ್ಯಾಂಡಿಂಗ್ ಅಂತ ಎರಡು ಬೇರೆ ಕೋರ್ಸ್ ಮಾಡ್ತಾರೆ!

ಕಾರ್ಖಾನೆ ಈಗಿರೋ ಜಾಗಕ್ಕೆ ಬಂದದ್ದು 1957ರಲ್ಲಿ.

ಹೋದ ಶನಿವಾರ ಅಲ್ಲಿ ಇಳಿದು, ಒಂದು ಅಂಗಡಿಯಲ್ಲಿ ಸೋಪ್ ತಗೊಂಡು, ವಾಪಸ್ ಬರುವಾಗ ಟ್ರೈನಲ್ಲೇ ಡಬ್ಬಿ ಬಿಚ್ಚಿದ್ವಿ. ಎದುರು ಸೀಟಿನ ಅಜ್ಜಿ ಕೈ ಚಾಚಿ ಇಸ್ಕೊಂಡು, ಮೂಸಿ ನೋಡಿ, ನಗುತ್ತಾ ವಾಪಸ್ ಕೊಟ್ಟರು.