ಎರಡು ಕಡಲತೀರಗಳ ಮಾತೆ ವೆರೋನಿಕಾ

ಅಕ್ಕಿಆಲೂರಿನ ಕಡೆಯ ನಮಗೆ ಕಡಲು ದೂರದ ಮಾತು. ಶಿರಸಿಯನ್ನು ಹಾಯ್ದು ಘಟ್ಟವನ್ನಿಳಿದರೆ ಮಾತ್ರ ಅದರ ದರ್ಶನ. ಆದರೂ ನಮ್ಮ ನಾಡಿನ ಕಥೋಲಿಕ ಕುಟುಂಬಗಳ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯನ್ನು ಅರಿಯಲು ನಾವು ಎರಡು ಕಡಲತೀರಗಳನ್ನು ನೋಡಬೇಕಾಗುತ್ತದೆ. ಒಂದು ಮಂಗಳೂರು; ಇನ್ನೊಂದು ಫ್ರಾನ್ಸಿನ ನೈಋತ್ಯ ಮೂಲೆಯ ಬಾಸ್ಕ್ ಕರಾವಳಿ. ಇವೆರಡನ್ನು ಬೆಸೆದವರು ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸ್ಥಾಪಕಿ, ಪಾಡುಗಳ ಮಾತೆ ವೆರೋನಿಕಾ.

ಪಿರೆನೀಸ್ ಪರ್ವತಗಳು ಬಿಸ್ಕೆ ಕೊಲ್ಲಿಯನ್ನು ಸಮೀಪಿಸುವಲ್ಲಿ ಈ ಸೀಮೆಯಿದೆ. ನೇತ್ರಾವತಿ, ಗುರುಪುರ ನದಿಗಳ ಆಶ್ರಯದಲ್ಲಿ ಮಂಗಳೂರು ಬೆಳೆದಂತೆ, ಅದೂರ್ ಮತ್ತು ನೀವ್ ನದಿಗಳ ಸಂಗಮದಲ್ಲಿ ಇಲ್ಲಿನ ಮುಖ್ಯ ಪಟ್ಟಣವಾದ ಬಯೋನ್ ಬೆಳೆಯಿತು. ರೋಮನ್ನರಿಗೆ ಅದು ಲಾಪುರ್ದುಮ್ ಎಂಬ ಕೋಟೆಯಾಗಿತ್ತು. 12ನೆಯ ಶತಮಾನದಿಂದ 1451ರವರೆಗೆ ಇಂಗ್ಲೆಂಡಿನ ಅರಸರ ಅಧೀನದಲ್ಲಿತ್ತು. ಮಧ್ಯಯುಗದಲ್ಲಿ ಅದೂರ್ ನದಿಯ ಅಳಿವೆ ಉತ್ತರಕ್ಕೆ ಸರಿದುಹೋಗಿ ಬಂದರು ಬಡವಾಯಿತು. 1578ರಲ್ಲಿ ಹೊಸ ಅಳಿವೆಯನ್ನು ತೆರೆದ ಮೇಲೆಯೇ ಅದು ಚೇತರಿಸಿಕೊಂಡಿತು. ನೆರೆಯ ಸ್ಯಾಂ ಝಾಂ ದ ಲ್ಯೂಜ್ ತಿಮಿಂಗಿಲ ಬೇಟೆಗಾರರ ಬಂದರು. 1660ರಲ್ಲಿ 14ನೆಯ ಲೂಯಿ ಅರಸನ ವಿವಾಹ ನಡೆದದ್ದು ಅಲ್ಲಿಯೇ. ನಮಗೆಲ್ಲರಿಗೂ ಪ್ರಿಯರಾದ ಸಂತ ಫ್ರಾನ್ಸಿಸ್ ಕ್ಸೇವಿಯರರ ತಂದೆಯ ವಂಶದ ಮೂಲವೂ ಇದರ ಒಳನಾಡಿನ ಬಾಸ್ಕ್ ಬೆಟ್ಟಗಳಲ್ಲಿದೆ.

ಮಾತೆ ವೆರೋನಿಕಾ ಆ ಸೀಮೆಯಲ್ಲಿ ಹುಟ್ಟಿದವರಲ್ಲ. 1823ರ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆಂಗ್ಲಿಕನ್ ಪಾದ್ರಿ ಹೆನ್ರಿ ಲೀವ್ಸ್ ಅವರ ಮಗಳಾಗಿ ಜನಿಸಿದ ಅವರ ಹೆಸರು ಸೋಫಿ. 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಪಾದ್ರಿಯ ಮನೆಯ ಮಗಳಿಗೆ ಅದು ಹಗುರವಾದ ಹೆಜ್ಜೆಯಲ್ಲ. ಮರುವರ್ಷ ಸಂತ ಜೋಸೆಫರ ಭಗಿನಿಯರ ಸಂಸ್ಥೆಯನ್ನು ಸೇರಿ, 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಸೇವೆ ಸಲ್ಲಿಸಿದರು. ಕಾರ್ಮೆಲ್ ಮಠದ ಮೌನಧ್ಯಾನವನ್ನು ಶಾಲೆಯ ಸೇವೆಯೊಡನೆ ಕೂಡಿಸುವ ಹೊಸ ಸಂಸ್ಥೆಯೊಂದು ಬೇಕೆಂಬ ಕರೆ ಅವರ ಅಂತರಂಗದಲ್ಲಿ ಬಲಿಯಿತು. ಕಾರ್ಮೆಲ್ ಧರ್ಮಗುರುವಾಗಿದ್ದ, ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದ ಮರೀ ಎಫ್ರೆಮರೂ ಇದನ್ನೇ ಬಯಸಿದ್ದರು. 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನವೇ, ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಜನ್ಮತಾಳಿತು.

1870ರಲ್ಲಿ ಬಯೋನ್‌ಗೆ ಒಳನಾಡಾದ ಪೋ ಪಟ್ಟಣದ ಕಾರ್ಮೆಲ್ ಮಠದಿಂದ ಏಕಾಂತವಾಸಿ ಕನ್ಯಾಸ್ತ್ರೀಯರು ಮಂಗಳೂರಿಗೆ ಹೊರಟರು. ಅವರಲ್ಲಿ ಮೂವರು ದಾರಿಯಲ್ಲೇ ಅಸುನೀಗಿದರು. 2015ರಲ್ಲಿ ಸಂತ ಪದವಿಗೇರಿದ ಮರಿಯಂ ಬವಾರ್ದಿ ಉಳಿದು ಬಂದವರಲ್ಲಿ ಒಬ್ಬರು. ಅದೇ ವರ್ಷದ ನವೆಂಬರ್ 19ರಂದು ಮಾತೆ ವೆರೋನಿಕಾ ಸಿದ್ಧಗೊಳಿಸಿದ ಮೂವರು ಭಗಿನಿಯರು ಮಂಗಳೂರನ್ನು ತಲಪಿದರು. ಸ್ಥಾಪಕಿ ಮಾತ್ರ ಅವರೊಡನೆ ಬರಲಿಲ್ಲ. 1873ರಲ್ಲಿ ಧರ್ಮಾಧ್ಯಕ್ಷ ಎಫ್ರೆಮರು ಮರಣಹೊಂದಿದರು. ಬಯೋನ್‌ನ ಮಠವೂ ಮುಚ್ಚಿತು. ತಾವು ಕಟ್ಟಿದ ಮನೆ ಕಣ್ಣೆದುರಿಗೇ ಮುಚ್ಚಿದಾಗ ಆ ತಾಯಿ ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಮರಳಿ ಸಾಮಾನ್ಯ ಕನ್ಯಾಸ್ತ್ರೀಯಾದರು. 1875ರಲ್ಲಿ ಬೆತ್ಲೆಹೇಮಿನ ಮಠವನ್ನು ಸ್ಥಾಪಿಸಲು ಹೋದವರಲ್ಲಿ ಅವರೂ ಇದ್ದರು. ಕೊನೆಗೆ 1906ರ ನವೆಂಬರ್ 16ರಂದು ಪೋ ಪಟ್ಟಣದಲ್ಲಿಯೇ ದೈವಾಧೀನರಾದರು. 2014ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಪೂಜನೀಯರೆಂದು ಘೋಷಿಸಿದರು.

ಇತ್ತ ಮಂಗಳೂರಿನಲ್ಲಿ ಆ ಮೂವರ ಕೆಲಸ ಬೇರುಬಿಟ್ಟಿತು. ಸಂತ ಆನ್ನರ ಶಾಲೆ ಬೆಳೆಯಿತು. 1921ರಲ್ಲಿ ಮಹಿಳೆಯರಿಗಾಗಿ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು. ಅಷ್ಟರಲ್ಲಿ ಸ್ಥಾಪಕಿ ಗತಿಸಿ 15 ವರ್ಷಗಳಾಗಿದ್ದವು.

ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದು ತರ್ಕದ ಕ್ರಮ. ಆದರೆ ಫಲ ಕಾಣದಿದ್ದರೆ ಶ್ರಮ ವ್ಯರ್ಥವೆಂದು ತೀರ್ಮಾನಿಸುವುದು ತರ್ಕವಲ್ಲ, ಆತುರ. ಅದೂರ್ ನದಿಯ ಒಂದು ಅಳಿವೆ ಮುಚ್ಚಿದಾಗ ನೀರು ನಿಲ್ಲಲಿಲ್ಲ, ಬೇರೊಂದೆಡೆ ಕಡಲನ್ನು ಸೇರಿತು. ಹೊಲದ ದುಡಿಮೆಯಲ್ಲಿ ಉಳಿಸಿದ ಹಣದಿಂದ ಮಗಳನ್ನು ಓದಿಸುವ ತಂದೆತಾಯಿಗಳಿಗೂ, ಆಕೆ ಓದಿ ದೂರದ ಊರಿಗೆ ಹೋದಾಗ ಮನೆ ಬರಿದಾಯಿತೆಂದು ತೋರಬಹುದು. ಅಂತಹ ಹೊತ್ತಿನಲ್ಲಿ ಮಾತೆ ವೆರೋನಿಕಾ ಅವರನ್ನು ನೆನೆಯೋಣ. ತಮ್ಮ ಶ್ರಮದ ಫಲವನ್ನು ಕಣ್ಣಾರೆ ಕಾಣದಿದ್ದರೂ ಅವರು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ.