ಕೆಂಪು ನಕ್ಷತ್ರವೆಲ್ಲ ಮುದಿಯೇ? ಉತ್ತರಕ್ಕೆ ದಾರಿ ತೋರಿದ ಮೇಘನಾದ ಸಹಾ

ಕೆಂಪಗೆ ಕಾಣುವ ನಕ್ಷತ್ರಕ್ಕೆಲ್ಲ ವಯಸ್ಸಾಗಿದೆ, ನೀಲಿಯದ್ದೆಲ್ಲ ಎಳೆಯದು ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಬಣ್ಣ ಹೇಳುವುದು ವಯಸ್ಸನ್ನಲ್ಲ, ನಕ್ಷತ್ರದ ಮೇಲ್ಮೈ ಎಷ್ಟು ಬಿಸಿ ಎಂಬುದನ್ನು. ನಕ್ಷತ್ರದ ಬೆಳಕಿನಲ್ಲಿರುವ ಗೆರೆಗಳನ್ನು ಆ ಬಿಸಿಯೊಂದಿಗೆ ಜೋಡಿಸುವ ಸೂತ್ರ ಕೊಟ್ಟವರು ನಮ್ಮ ಮೇಘನಾದ ಸಹಾ.

ಸಹಾ ಹುಟ್ಟಿದ್ದು 1893ರಲ್ಲಿ, ಢಾಕಾ ಹತ್ತಿರದ ಹಳ್ಳಿಯೊಂದರಲ್ಲಿ. ತಂದೆಯದು ಸಣ್ಣ ಅಂಗಡಿ. ದೂರದ ಶಾಲೆಗೆ ಹೋಗಬೇಕಾದಾಗ ವೈದ್ಯರೊಬ್ಬರು ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದರು. ಬಂಗಾಳ ವಿಭಜನೆಯ ಕಾಲದಲ್ಲಿ ಗವರ್ನರ್ ಭೇಟಿಯನ್ನು ಪ್ರತಿಭಟಿಸಿದ್ದಕ್ಕೆ ಢಾಕಾದ ಸರ್ಕಾರಿ ಶಾಲೆ ಅವರನ್ನು ಹೊರಹಾಕಿತು. ವಿದ್ಯಾರ್ಥಿವೇತನವೂ ಹೋಯಿತು. ಬಡ ಹುಡುಗನ ಓದು ಅಲ್ಲಿಗೇ ಮುಗಿಯಬಹುದಿತ್ತು. ಸಹಾ ಬೇರೆ ಶಾಲೆ ಸೇರಿದರು, ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜು ತಲುಪಿದರು. ಅಲ್ಲಿ ಹಾಸ್ಟೆಲ್‌ನಲ್ಲಿ ಜಾತಿಯ ಅವಮಾನವನ್ನೂ ನುಂಗಿದರು. ಸತ್ಯೇಂದ್ರನಾಥ ಬೋಸ್ ಅವರ ಸಹಪಾಠಿ.

1920ರಲ್ಲಿ ಅವರ ಸೂತ್ರ ಪ್ರಕಟವಾಯಿತು. ಬಿಸಿ ಏರಿದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಎಷ್ಟು ಬಿಸಿ ಮತ್ತು ಒತ್ತಡದಲ್ಲಿ ಎಷ್ಟು ಪಾಲು ಹೀಗಾಗುತ್ತದೆ ಎಂದು ಸಹಾ ಲೆಕ್ಕ ಕೊಟ್ಟರು. ನಕ್ಷತ್ರಗಳ ಬೆಳಕಿನ ಗೆರೆಗಳು ಬೇರೆಬೇರೆಯಾಗಿ ಕಾಣಲು ಮುಖ್ಯ ಕಾರಣ ಬಿಸಿಯ ವ್ಯತ್ಯಾಸ ಎಂಬುದು ಇದರಿಂದ ತಿಳಿಯಿತು. 1925ರಲ್ಲಿ ಸೆಸಿಲಿಯಾ ಪೇನ್ ಇದೇ ಸೂತ್ರ ಬಳಸಿ, ನಕ್ಷತ್ರಗಳಲ್ಲಿ ಹೆಚ್ಚಾಗಿರುವುದು ಹೈಡ್ರೋಜನ್ ಎಂದು ಕಂಡುಕೊಂಡರು.

ಹಾಗಾದರೆ ವಯಸ್ಸು? ಕೆಂಪು ನಕ್ಷತ್ರದ ಮೇಲ್ಮೈ ಸುಮಾರು 3,000 ಡಿಗ್ರಿ, ನಮ್ಮ ಸೂರ್ಯನದು 5,500, ನೀಲಿಯದು 10,000ಕ್ಕೂ ಹೆಚ್ಚು. ನೀಲಿ ನಕ್ಷತ್ರಗಳು ಸಾಮಾನ್ಯವಾಗಿ ಭಾರವಾದವು. ಇಂಧನವನ್ನು ಬೇಗ ಉರಿಸಿ ಬೇಗ ಸಾಯುತ್ತವೆ, ಆದ್ದರಿಂದ ನೀಲಿ ಎಂದರೆ ಎಳೆಯದು ಎಂಬುದು ಬಹುಪಾಲು ಸರಿ. ಕೆಂಪಿನಲ್ಲಿ ಮಾತ್ರ ಎರಡು ಬಗೆ. ಪುಟ್ಟ ಕೆಂಪು ಕುಬ್ಜಗಳು ನಿಧಾನವಾಗಿ ಉರಿದು ಲಕ್ಷ ಕೋಟಿ ವರ್ಷಗಳಿಗೂ ಮೀರಿ ಬಾಳಬಲ್ಲವು. ಇನ್ನೊಂದು, ಕೊನೆಗಾಲದಲ್ಲಿ ಉಬ್ಬಿ ತಣ್ಣಗಾದ ದೈತ್ಯಗಳು. ಮಳೆ ನಕ್ಷತ್ರವೆಂದು ನಾವು ಕರೆಯುವ ಆರ್ದ್ರಾ ಅಂಥದ್ದು. ಅದರ ವಯಸ್ಸು ಸುಮಾರು 1 ಕೋಟಿ ವರ್ಷ ಮಾತ್ರ. ಹಳದಿ ಸೂರ್ಯನಿಗೆ 460 ಕೋಟಿ! ಆರ್ದ್ರಾ ಸಾವಿನ ಹತ್ತಿರವಿದೆ, ಆದರೆ ಸೂರ್ಯನಿಗಿಂತ ಬಹಳ ಕಿರಿಯ.

ಸಹಾ ಮುಂದೆ ಲೋಕಸಭಾ ಸದಸ್ಯರಾದರು, ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾದರು. ನೊಬೆಲ್‌ಗೆ ಹಲವು ಬಾರಿ ಹೆಸರು ಸೂಚಿತವಾದರೂ ಸಿಗಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲೇ ಹೃದಯಾಘಾತದಿಂದ ತೀರಿಕೊಂಡರು.

ಇನ್ನೊಮ್ಮೆ ಬಣ್ಣ ನೋಡಿ ನಕ್ಷತ್ರದ ವಯಸ್ಸು ಹೇಳುವ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಆರ್ದ್ರಾವನ್ನು ನೆನೆಯೋಣ.