ಮೈಸೂರಿನ ಅರಸರು ಮತ್ತು ಲಂಡನ್ನಿನ ವಾದ್ಯವೃಂದ

ಅರಸರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಂಬಾರಿ, ದರ್ಬಾರು, ದಸರೆಯ ಮೆರವಣಿಗೆ. ಶ್ರೀ ಜಯಚಾಮರಾಜ ಒಡೆಯರವರನ್ನು ನಾವು ನೆನೆಯುವುದೂ ಬಹುಮಟ್ಟಿಗೆ ಹಾಗೆಯೇ. ಅವರ ಬಾಳಿನ ಇನ್ನೊಂದು ಮುಖವನ್ನು ಬಲ್ಲವರು ಕಡಮೆ. ತಮ್ಮ ಕಾಲದ ಐರೋಪ್ಯ ಶಾಸ್ತ್ರೀಯ ಸಂಗೀತಕ್ಕೆ, ಕೇಳುವವರಿಲ್ಲದೆ ಸೊರಗಿದ್ದ ವಾಗ್ಗೇಯಕಾರರಿಗೆ, ಅವರು ಮೈಸೂರಿನಲ್ಲಿದ್ದುಕೊಂಡೇ ಆಸರೆಯಾದರು. ಆ ಕಥೆಯನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಕೊಂಡಜ್ಜಿಯವನು. ಗುಡ್ಡ, ಕೆರೆ, ಸ್ಕೌಟುಗಳ ಶಿಬಿರ, ಇವು ನಮ್ಮೂರಿನ ಗುರುತುಗಳು. ಅರಸರ ಕಾಲದಲ್ಲಿ ನಮ್ಮ ಹರಿಹರ ಸೀಮೆ ಮೈಸೂರು ಸಂಸ್ಥಾನದ ಅಂಚು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ. ನಮ್ಮವರಿಗೆ ಭಜನೆ ಗೊತ್ತು, ಡೊಳ್ಳು ಗೊತ್ತು, ಪಿಯಾನೊ ಗೊತ್ತಿಲ್ಲ. ಇಂಥ ಹಳ್ಳಿಗಳ ದೊರೆ ಲಂಡನ್ನಿನ ವಾದ್ಯವೃಂದಕ್ಕೆ ಹಣ ಕೊಟ್ಟರೆಂದು ಓದಿದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಪ್ರಶ್ನೆ: ಇದು ಸರಿಯೆ?

ಒಡೆಯರವರು ಹುಟ್ಟಿದ್ದು 1919ರ ಜುಲೈ 18ರಂದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು. ಪಿಯಾನೊ ವಾದಕರಾಗಬೇಕೆಂಬುದು ಅವರ ಎಳೆಯ ವಯಸ್ಸಿನ ಹಂಬಲ. 1940 ಆ ಹಂಬಲವನ್ನು ಮುರಿಯಿತು. ಆ ಒಂದೇ ವರ್ಷದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ತರುಣ ಸಿಂಹಾಸನವೇರಿದರು. ರಾಜನಿಗೆ ಸಭೆಯಲ್ಲಿ ಕುಳಿತು ವಾದ್ಯ ನುಡಿಸಿ ಬಾಳುವ ಸ್ವಾತಂತ್ರ್ಯವಿಲ್ಲ. ಆದರೂ ಅಭ್ಯಾಸ ಬಿಡದೆ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು.

ತಾವು ನುಡಿಸಲಾಗದ್ದನ್ನು ಇತರರಿಂದ ನುಡಿಸುವ ದಾರಿಯನ್ನು ಅವರು ಕಂಡುಕೊಂಡರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರರು ಕ್ರಾಂತಿಯ ಬಳಿಕ ದೇಶ ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲಸಿದ್ದರು. ಹೊಸ ಪಂಥಗಳ ಗದ್ದಲಕ್ಕೆ ತಲೆಬಾಗದ ಅವರನ್ನು ಜನ ಮರೆತಿದ್ದರು, ಹೃದ್ರೋಗವೂ ಕಾಡುತ್ತಿತ್ತು. ಒಡೆಯರವರ ನೆರವಿನಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಒಂದು ದೀರ್ಘ ಕೃತಿಗೆ ಹಲವು ತಟ್ಟೆಗಳು, ಇಡೀ ವಾದ್ಯವೃಂದದ ಸಂಬಳ. ಕೊಳ್ಳುವವರಿಲ್ಲದ ಸಂಗೀತಕ್ಕೆ ಯಾವ ಕಂಪನಿ ಕೈಹಾಕೀತು? ಅರಸರ ಹಣ ಆ ಬಾಗಿಲನ್ನು ತೆರೆಯಿತು. 1947ರಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೊ ಕನ್ಸರ್ಟೊಗಳನ್ನೂ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಸ್ವತಃ ನುಡಿಸಿದರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದ ಇಂದು ಯಾರಿಗೂ ದಕ್ಕುತ್ತಿರಲಿಲ್ಲ.

ಫಿಲ್ಹಾರ್ಮೋನಿಯಾವನ್ನು 1945ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್. ಅವರು ಅರಸರ ಆಹ್ವಾನದ ಮೇಲೆ ಮೈಸೂರಿಗೆ ಬಂದು ಅರಮನೆಯ ಪಿಯಾನೊಗಳನ್ನೂ ಗ್ರಾಮಫೋನ್ ತಟ್ಟೆಗಳ ಭಂಡಾರವನ್ನೂ ಕಂಡು ಬೆರಗಾದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಡೆಯರವರು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಬಾಲಕಿರೆವರ ಸಿಂಫನಿ, ರೂಸೆಲರ ನಾಲ್ಕನೆಯ ಸಿಂಫನಿ, ಹೀಗೆ ಅಪರೂಪದ ಕೃತಿಗಳು ಧ್ವನಿಮುದ್ರಣಗೊಳ್ಳಬೇಕೆಂಬುದು ಅವರ ಇಚ್ಛೆ. 1949ರಲ್ಲಿ ಕಾರಾಯಾನರು ಇವೆರಡನ್ನೂ ನಡೆಸಿಕೊಟ್ಟರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳು ಮೊಟ್ಟಮೊದಲು ಕೇಳಿಬಂದವು. ಹಾಡಿದವರು ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ ಹೊಣೆ ನಿಂತವರು ನಮ್ಮ ಒಡೆಯರು. ಅವರು ಸಭೆಯಲ್ಲಿರಲಿಲ್ಲ, ಗೀತೆ ರಚಿಸಿದ ಸ್ಟ್ರೌಸರು ಹಿಂದಿನ ವರ್ಷವೇ ಕಣ್ಮುಚ್ಚಿದ್ದರು.

ಪಾಶ್ಚಾತ್ಯ ಸಂಗೀತದ ಒಲವು ಅವರನ್ನು ನಮ್ಮ ಸಂಗೀತದಿಂದ ದೂರಮಾಡಲಿಲ್ಲ. ವೀಣೆ ವೆಂಕಟಗಿರಿಯಪ್ಪನವರ ಬಳಿ ಕಲಿತು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಇನ್ನು ನನ್ನ ಪ್ರಶ್ನೆ. ಲಂಡನ್ನಿಗೆ ಹಣ ಹೋಗುತ್ತಿದ್ದ ವರ್ಷಗಳಲ್ಲೇ, 1947ರಲ್ಲಿ, ಸಂಸ್ಥಾನದ ಜನ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಹೂಡಿದ್ದರು. ಊರಿನ ಶಾಲೆಗೋ ಕೆರೆಗೋ ಆ ಹಣ ಒದಗಬಹುದಿತ್ತೆಂದು ಯಾರಾದರೂ ಹೇಳಿದರೆ ಆ ಮಾತನ್ನು ನಾನು ತಳ್ಳಿಹಾಕಲಾರೆ. ಪ್ರಜೆಗಳನ್ನು ಕೇಳದೆ ಖರ್ಚುಮಾಡುವ ಅಧಿಕಾರ ಒಬ್ಬನ ಕೈಯಲ್ಲಿರಬಾರದೆಂಬುದೇ ಆ ಚಳವಳಿಯ ತಿರುಳು. ಒಡೆಯರವರು ಅದನ್ನು ಒಪ್ಪಿ ಅದೇ ವರ್ಷ ಅಧಿಕಾರವನ್ನು ಜನರ ಮಂತ್ರಿಮಂಡಲಕ್ಕೆ ಬಿಟ್ಟುಕೊಟ್ಟರು, ರಾಜಪ್ರಮುಖರಾದರು, 1956ರಲ್ಲಿ ತುಂಗಭದ್ರೆಯ ಎರಡು ದಡಗಳೂ ಒಂದೇ ರಾಜ್ಯವಾದಾಗ ಅದರ ರಾಜ್ಯಪಾಲರಾದರು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಆದರೆ ಒಂದು ಮಾತು ನಿಜ. ಸತ್ತವರ ಸಂಗೀತಕ್ಕೆ ಕೈತಟ್ಟುವುದು ಸುಲಭ. ಬದುಕಿರುವ, ಮನ್ನಣೆಯಿಲ್ಲದ ಕಲಾವಿದನನ್ನು ಗುರುತಿಸಿ ಸಕಾಲದಲ್ಲಿ ಕೈಹಿಡಿಯುವುದು ಕಷ್ಟ. ಇಂದು ಅರಸರಿಲ್ಲ, ಆ ಹೊಣೆ ನಮ್ಮೆಲ್ಲರದು. ನಮ್ಮ ಊರುಗಳಲ್ಲಿ ಕೇಳುವವರಿಲ್ಲದೆ ಹಾಡುತ್ತಿರುವವರು ಇನ್ನೂ ಇದ್ದಾರೆ. ಅವರ ದನಿ ನಿಲ್ಲುವ ಮೊದಲೇ ನಾವು ಹೋಗಿ ಕುಳಿತು ಕೇಳಬೇಕು.